ಹಂಡೆ ತಿಕ್ಕಿದ್ದಾಯಿತು, ಹೊಗೆ ಪೈಪು?

ದೀಪಾವಳಿಯಲ್ಲಿ ಮೊದಲು ಬರುವುದು ನೀರು ತುಂಬುವ ಹಬ್ಬ. ಅವತ್ತು ಗುಬ್ಬಿ, ಕುಣಿಗಲ್ ಕಡೆಯ ಮನೆಗಳಲ್ಲಿ ಬಚ್ಚಲ ಹಂಡೆಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಾರೆ. ತಾಮ್ರ ಕೆಂಪಗೆ ಹೊಳೆಯುವವರೆಗೂ ಬಿಡುವುದಿಲ್ಲ. ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬರೆದು, ಕುತ್ತಿಗೆಗೆ ಹೂ ಸುತ್ತಿ, ನೀರು ತುಂಬಿ ಪೂಜೆ ಮಾಡುತ್ತಾರೆ. ಮಾರನೆಯ ದಿನ ನಸುಕಿಗೇ ಎಣ್ಣೆನೀರು. ಅದೇ ಹಂಡೆಯ ಹಿಂದೆ, ಗೋಡೆಗೆ ಒರಗಿ ಸೂರು ದಾಟಿ ಹೋಗಿರುವ ತಗಡಿನ ಪೈಪನ್ನು ಮಾತ್ರ ಹಬ್ಬದ ದಿನವೂ ಯಾರೂ ಮಾತಾಡಿಸುವುದಿಲ್ಲ. ಹೊಗೆ ಮೇಲಕ್ಕೆ ಹೋಗದೆ ಮನೆಯೊಳಗೆ ತಿರುಗಿದಾಗಲೇ ನಮಗೆ ಅದರ ನೆನಪು.

ನಮ್ಮ ಮನೆಯಲ್ಲಿ ಆದದ್ದೂ ಅದೇ. ಗುಬ್ಬಿ ತಾಲ್ಲೂಕಿನ ನಮ್ಮ ಹಳ್ಳಿಮನೆಯಲ್ಲಿ ಒಂದು ಬೇಸಿಗೆ ಪೂರ್ತಿ ಬಚ್ಚಲೊಲೆ ಹಚ್ಚಿರಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ದೊಡ್ಡಮ್ಮ ಒಲೆ ಹಚ್ಚಿದರು. ಐದೇ ನಿಮಿಷ, ಬಚ್ಚಲುಮನೆ ತುಂಬ ಹೊಗೆ. 'ಅಯ್ಯೋ, ಕಣ್ ಬಿಡಕ್ಕಾಗ್ತಿಲ್ಲ ಕಣೋ, ಬಾಗ್ಲು ತೆಗಿಯೋ' ಅಂತ ಕೂಗಿಕೊಂಡರು. ಮಾರನೆಯ ದಿನ ಪೈಪು ಬಿಚ್ಚಿ ಅಂಗಳದಲ್ಲಿ ಕುಟ್ಟಿದೆವು. ಮೊದಲು ಬಿದ್ದದ್ದು ಮಸಿಯಲ್ಲ, ಹಿಡಿ ಹಿಡಿ ತೆಂಗಿನ ನಾರು. ಅಳಿಲು ಗೂಡು ಕಟ್ಟಿಕೊಂಡಿತ್ತು. (ತಾಲ್ಲೂಕು ಗುಬ್ಬಿಯದಾದರೂ ಗೂಡು ಅಳಿಲಿನದೇ.) ನಾರಿನ ಹಿಂದೆಯೇ ಕರ್ರಗೆ ಗಾಜಿನ ಹಾಗೆ ಮಿಂಚುವ ಚಕ್ಕೆಗಳು ಬಿದ್ದವು. ನಾಲ್ಕು ಅಂಗುಲ ಅಗಲದ ಪೈಪಿನಲ್ಲಿ ಹೊಗೆಗೆ ಉಳಿದಿದ್ದ ದಾರಿ ಎರಡೂವರೆ ಅಂಗುಲ. ಅರ್ಧಕ್ಕಿಂತ ಹೆಚ್ಚು ಉಳಿದಿದೆಯಲ್ಲ ಎನ್ನಬೇಡಿ. ಅಗಲ ಬಿಟ್ಟು ಹೊಗೆ ಹಾಯುವ ಜಾಗದ ಲೆಕ್ಕ ಹಾಕಿದರೆ ಅದು ಐದರಲ್ಲಿ ಎರಡೇ ಪಾಲು. ಅಳಿಲು ಬರದಿದ್ದರೂ ಆ ಪೈಪು ಇನ್ನೊಂದೆರಡು ವರ್ಷದಲ್ಲಿ ತಾನಾಗಿಯೇ ಕಟ್ಟಿಕೊಳ್ಳುತ್ತಿತ್ತು.

ಇಲ್ಲಿ ಹೇಳುತ್ತಿರುವುದು ಗ್ಯಾಸ್ ಸ್ಟೌ ಮೇಲೆ ಕೂರಿಸುವ ಕರೆಂಟಿನ ಚಿಮಣಿಯ ವಿಷಯವಲ್ಲ. ಸೌದೆ, ತೆಂಗಿನ ಸಿಪ್ಪೆ, ಚಿಪ್ಪು, ಎಡೆಮಟ್ಟೆ ಉರಿಸುವ ಒಲೆಯ ಹೊಗೆಯನ್ನು ಹೊರಗೆ ಒಯ್ಯುವ ಲೋಹದ ಕೊಳವೆಯ ವಿಷಯ. ತುಮಕೂರು ಸೀಮೆಯಲ್ಲಿ ಇದು ಮೂರು ಕಡೆ ಕಾಣುತ್ತದೆ. ಒಂದು, ಬಚ್ಚಲೊಲೆ: ಗೋಡೆಯಲ್ಲಿ ಕಟ್ಟಿ ಕೂರಿಸಿದ ಹಂಡೆ, ಕೆಳಗೆ ಒಲೆ, ಹಿಂದೆ ಪೈಪು. ಎರಡು, ತಾಮ್ರದ ಅಥವಾ ಸ್ಟೀಲಿನ ಸೌದೆ ಬಾಯ್ಲರ್: ನಗರದ ಮನೆಗಳ ಹಿತ್ತಿಲಲ್ಲಿ, ತಾರಸಿಯ ಮೇಲೆ ಇದು ಈಗಲೂ ಇದೆ. ಸೋಲಾರ್ ಇದ್ದವರೂ ಮೋಡದ ದಿನಕ್ಕೆ ಅಂತ ಇಟ್ಟುಕೊಂಡಿರುತ್ತಾರೆ. ಮೂರು, ಅಡುಗೆಮನೆಯ ಹೊಗೆರಹಿತ ಒಲೆ. ಅಡುಗೆ ಗ್ಯಾಸಿಗೆ ಹೋದರೂ ಸ್ನಾನದ ನೀರು ಸೌದೆಯಲ್ಲೇ ಉಳಿದಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ತೋಟದಲ್ಲಿ ಎಡೆಮಟ್ಟೆ ಬಿದ್ದಿರುವಾಗ ಸಿಲಿಂಡರಿಗೆ ದುಡ್ಡು ಯಾರು ಕೊಡುತ್ತಾರೆ?

ಹೊಗೆರಹಿತ ಒಲೆ ಎಂದಾಗ ಕುಣಿಗಲ್ ತಾಲ್ಲೂಕಿನ ಉಂಗ್ರವನ್ನು ನೆನೆಯಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ಮುಂದಾಳತನದಲ್ಲಿ 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. ವಿಜ್ಞಾನವನ್ನು ಹಳ್ಳಿಯ ಕೆಲಸಕ್ಕೆ ತರುವುದು ಅದರ ಗುರಿ. ಅವರು ತಮ್ಮ ವಿಸ್ತರಣಾ ಕೇಂದ್ರ ಮಾಡಿಕೊಂಡದ್ದು ಉಂಗ್ರದಲ್ಲಿ. ಸುತ್ತಲ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಯಾವ ಕೆಲಸಕ್ಕೆ ಎಷ್ಟು ಸೌದೆ ಹೋಗುತ್ತದೆ ಎಂದು ಲೆಕ್ಕ ಮಾಡಿದರು. ಆ ಕೆಲಸದ ಬೆನ್ನಿಗೇ ಬಂದದ್ದು ಅಸ್ತ್ರ ಒಲೆ. ಮೂರು ಪಾತ್ರೆ ಇಡುವ ಕುಳಿ, ಸೌದೆ ಕೂರಲು ಕಬ್ಬಿಣದ ಜಾಲರಿ, ಕೊನೆಯಲ್ಲಿ ಹೊಗೆ ಪೈಪು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅದನ್ನು ಊರೂರಿಗೆ ಒಯ್ದಿತು. 1983ರಲ್ಲಿ ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮವೂ ಶುರುವಾಯಿತು. ಒಲೆ ಕಟ್ಟುವುದನ್ನು ಕಲಿತವರು ಊರೂರಿಗೆ ಬಂದರು. ಪೈಪು ಉಜ್ಜುವುದನ್ನು ಮನೆಯವರಿಗೆ ಕೂರಿಸಿಕೊಂಡು ಕಲಿಸಿದವರು ಕಡಿಮೆ. ಎಷ್ಟೋ ಅಸ್ತ್ರ ಒಲೆಗಳು 'ಹೊಗೆ ಹೊಡೀತದೆ' ಅಂತ ಒಡೆಸಿಕೊಂಡದ್ದು ಒಲೆಯ ತಪ್ಪಿಗಲ್ಲ, ಕಟ್ಟಿಕೊಂಡ ಪೈಪಿನ ತಪ್ಪಿಗೆ ಎಂದೇ ನನ್ನ ಅನಿಸಿಕೆ.

ಪೈಪು ಕೆಲಸ ಮಾಡುವುದು ಹೇಗೆ? ಬಿಸಿ ಗಾಳಿ ಹಗುರ, ತಣ್ಣನೆಯ ಗಾಳಿ ಭಾರ. ಪೈಪಿನೊಳಗಿನ ಬಿಸಿ ಹೊಗೆ ಮೇಲೇರುತ್ತದೆ. ಅದು ಬಿಟ್ಟ ಜಾಗಕ್ಕೆ ಒಲೆಯ ಬಾಯಿಂದ ಹೊಸ ಗಾಳಿ ನುಗ್ಗುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಡ್ರಾಫ್ಟ್ ಎನ್ನುತ್ತಾರೆ, ನಾವು ಎಳೆತ ಎನ್ನೋಣ. ಪೈಪು ಎತ್ತರವಾಗಿದ್ದಷ್ಟೂ, ಒಳಗಿನ ಹೊಗೆ ಬಿಸಿಯಾಗಿದ್ದಷ್ಟೂ ಎಳೆತ ಜೋರು. ಹಾಗಾದರೆ ಪೈಪು ಬರೀ ಹೊಗೆ ಹೊರಹಾಕುವ ತೂತಲ್ಲ. ಒಲೆಗೆ ಉಸಿರು ಕೊಡುವುದೂ ಅದೇ. ಪೈಪು ಕಟ್ಟಿದರೆ ಒಲೆಗೆ ಗಾಳಿ ಸಾಲದು. ಗಾಳಿ ಸಾಲದ ಉರಿ ಇನ್ನಷ್ಟು ಹೊಗೆ ಎಬ್ಬಿಸುತ್ತದೆ, ಆ ಹೊಗೆ ಪೈಪನ್ನು ಇನ್ನಷ್ಟು ಕಟ್ಟುತ್ತದೆ.

ಹೊಗೆಯಲ್ಲಿ ಇರುವುದು ಮಸಿ ಮಾತ್ರವಲ್ಲ. ಸೌದೆಯ ನೀರು ಆವಿಯಾಗಿ ಇರುತ್ತದೆ. ಪೂರ್ತಿ ಸುಡದೆ ಉಳಿದ ಜಿಡ್ಡು ಆವಿಯ ರೂಪದಲ್ಲಿ ಇರುತ್ತದೆ. ಹೊಗೆ ಬಿಸಿಯಾಗಿದ್ದಾಗ ಇವೆಲ್ಲ ಗಾಳಿಯ ಜೊತೆ ಹೊರಟುಹೋಗುತ್ತವೆ. ಹೊಗೆಯ ಬಿಸಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಕಥೆ ಬೇರೆ. ಅನ್ನದ ಪಾತ್ರೆಯ ಮುಚ್ಚಳಕ್ಕೆ ಹಬೆ ಹನಿಗಟ್ಟುವ ಹಾಗೆ ಆ ಜಿಡ್ಡು ತಣ್ಣನೆಯ ತಗಡಿಗೆ ಹನಿಗಟ್ಟುತ್ತದೆ. ಮೇಲೆ ಮಸಿ ಬಂದು ಅಂಟಿಕೊಳ್ಳುತ್ತದೆ. ಈ ಜಿಡ್ಡಿಗೆ ಕ್ರಿಯೋಸೋಟ್ ಎಂದು ಹೆಸರು. ಹಳೆಯ ಅಡುಗೆಮನೆಯ ಜಂತೆಗಳಿಂದ ಇಳಿಬಿದ್ದಿರುತ್ತಿದ್ದ ಇಲ್ಲಣವನ್ನು ನೋಡಿದವರಿಗೆ ಮಸಿ ಗೊತ್ತು. ಇದು ಅದರ ಅಣ್ಣ. ಮೊದಲು ಒಣ ಪುಡಿ, ಆಮೇಲೆ ಗರಿಗರಿ ಚಕ್ಕೆ, ಕೊನೆಗೆ ಡಾಂಬರಿನಂತೆ ಗಟ್ಟಿಯಾದ ಮಿರುಗುವ ಪದರ. ಪುಡಿ ಪೊರಕೆಗೆ ಬೀಳುತ್ತದೆ. ಚಕ್ಕೆ ಕಂಬಿ ಬ್ರಷ್ಷಿಗೆ ಬೀಳುತ್ತದೆ. ಡಾಂಬರಾದದ್ದು ಯಾವುದಕ್ಕೂ ಬೀಳುವುದಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಅಭ್ಯಾಸದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ರಾತ್ರಿ ಮಲಗುವ ಮುಂಚೆ ಬಚ್ಚಲೊಲೆಗೆ ಮೂರ್ನಾಲ್ಕು ತೆಂಗಿನ ಸಿಪ್ಪೆ ಒತ್ತರಿಸಿ, ಬಾಯಿಗೆ ತಗಡು ಮುಚ್ಚಿ ಬಿಡುತ್ತೇವೆ. ಸಿಪ್ಪೆ ಉರಿಯುವುದಿಲ್ಲ, ರಾತ್ರಿಯೆಲ್ಲ ಕನಲುತ್ತದೆ. ಬೆಳಗ್ಗೆ ಎದ್ದರೆ ಹಂಡೆಯಲ್ಲಿ ಬೆಚ್ಚನೆಯ ನೀರು. ಖರ್ಚಿಲ್ಲದ ಸುಖ, ನಿಜ. ಪೈಪಿಗೆ ಮಾತ್ರ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಉರಿ ಇಲ್ಲದ ಹೊಗೆ ತಣ್ಣಗಿರುತ್ತದೆ, ಜಿಡ್ಡು ತುಂಬಿರುತ್ತದೆ, ನಿಧಾನವಾಗಿ ಹೋಗುತ್ತದೆ. ಜಿಡ್ಡು ಕಟ್ಟಲು ಬೇಕಾದ್ದೆಲ್ಲ ಒಟ್ಟಿಗೆ ಸೇರಿದಂತಾಯಿತು. ಅದರಲ್ಲೂ ಹಸ್ತಾ, ಚಿತ್ತಾ ಮಳೆಯಲ್ಲಿ ನೆನೆದ ಸಿಪ್ಪೆಯಾದರೆ ಕೇಳುವುದೇ ಬೇಡ. ನಮ್ಮ ಜಿಲ್ಲೆಗೆ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಮಳೆ ಜಾಸ್ತಿ. ಹೊರಗೆ ರಾಶಿ ಹಾಕಿದ ಸಿಪ್ಪೆ ಸ್ಪಂಜಿನಂತೆ ನೀರು ಹೀರಿ ಕೂತಿರುತ್ತದೆ. ನಮ್ಮ ಪೈಪಿನಲ್ಲಿ ಸಿಕ್ಕ ಗಾಜಿನಂಥ ಚಕ್ಕೆ ಹತ್ತಾರು ವರ್ಷದ ಆ ರಾತ್ರಿಗಳ ಗಳಿಕೆ.

ಹಾಗಾಗಿ ಪೈಪಿನ ರೋಗಕ್ಕೆ ಮದ್ದು ಒಲೆಯ ಬಾಯಲ್ಲಿದೆ. ಈಗ ತಾನೇ ಕಡಿದ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಅದು ಐದರಲ್ಲಿ ಒಂದು ಪಾಲಿಗಿಂತ ಕೆಳಗೆ ಇಳಿದರೆ ಒಣ ಸೌದೆ. ಸೀಳಿ, ಸೂರಿನಡಿ ಗಾಳಿಯಾಡುವಂತೆ ಪೇರಿಸಿದರೆ ಆರು ತಿಂಗಳು ಬೇಕು. ದಪ್ಪ ಹುಣಸೆ ಕೊರಡಿಗೆ ಇನ್ನೂ ಹೆಚ್ಚು. ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ: ಒಣಗಿದ್ದರೆ 'ಟಣ್' ಎನ್ನುತ್ತದೆ, ಹಸಿಯಾದರೆ 'ದಪ್' ಎನ್ನುತ್ತದೆ. ಒಲೆ ಹಚ್ಚುವಾಗ ಮೊದಲು ಪುರಲೆ, ಚಿಪ್ಪು ಹಾಕಿ ಹತ್ತು ನಿಮಿಷ ಜೋರಾಗಿ ಉರಿಸಿ. ಪೈಪು ಕಾಯಲಿ. ಆಮೇಲೆ ಸಿಪ್ಪೆ, ಎಡೆಮಟ್ಟೆ. ರಾತ್ರಿ ಕನಲಿಸುವುದನ್ನು ಬಿಡಲಾಗದಿದ್ದರೆ ಬೆಳಗ್ಗೆ ಒಂದು ಹೊತ್ತು ಚಿಪ್ಪಿನ ಬಿರುಸು ಉರಿ ಕೊಡಿ. ರಾತ್ರಿಯ ಹಸಿ ಜಿಡ್ಡು ಸ್ವಲ್ಪ ಒಣಗಿ ಪುಡಿಯಾಗುತ್ತದೆ. ಒಂದು ಎಚ್ಚರ: ಪೈಪು ಶುದ್ಧವಾಗಿದ್ದರೆ ಮಾತ್ರ ಇದು ಸರಿ. ಆಗಲೇ ದಪ್ಪ ಪದರ ಕಟ್ಟಿರುವ ಪೈಪಿಗೆ ಬಿರುಸು ಉರಿ ಕೊಟ್ಟರೆ ಪೈಪೇ ಹೊತ್ತಿಕೊಳ್ಳಬಹುದು. ಇನ್ನು, ಹಾಲಿನ ಕವರಿನಿಂದ, ಪ್ಲಾಸ್ಟಿಕ್ ಚೀಲದಿಂದ ಒಲೆ ಹಚ್ಚುವುದು ಬೇಡವೇ ಬೇಡ.

ಬಾಯ್ಲರ್ ಇರುವವರಿಗೆ ಒಂದು ಮಾತು. ಅದರ ನಟ್ಟನಡುವೆ ಒಂದು ಕೊಳವೆ, ಸುತ್ತ ನೀರು. ನೀರು ಕುದಿಯುವುದೇ 100 ಡಿಗ್ರಿಗೆ. ಅಂದರೆ ಆ ಕೊಳವೆಯ ಗೋಡೆ ಯಾವತ್ತೂ ನೀರಿನಷ್ಟೇ ತಣ್ಣಗೆ. ಜಿಡ್ಡು ಕಟ್ಟಲು ಅಲ್ಲಿ ಸದಾ ಅನುಕೂಲ. ಹಂಡೆಯ ಪೈಪಿಗಿಂತ ಬಾಯ್ಲರ್ ಕೊಳವೆಯನ್ನು ಎರಡರಷ್ಟು ಸಲ ಉಜ್ಜಬೇಕಾದದ್ದು ಇದಕ್ಕೆ. ಮೇಲಿನ ಟೋಪಿ ತೆಗೆದರೆ ನೇರ ಬ್ರಷ್ ಇಳಿಯುತ್ತದೆ, ಕೆಲಸ ಸುಲಭ. ನೀರಿಲ್ಲದ ಬಾಯ್ಲರಿಗೆ ಬೆಂಕಿ ಹಾಕಬೇಡಿ, ಬೆಸುಗೆ ಬಿಟ್ಟುಕೊಳ್ಳುತ್ತದೆ.

ಯಾವಾಗ ಉಜ್ಜಬೇಕು? ದಿನಾ ಉರಿಸುವ ಮನೆಗೆ ವರ್ಷಕ್ಕೆ ಎರಡು ಸಲ ಕಡಿಮೆಯೆಂದರೂ ಬೇಕು. ತಾರೀಕು ನೆನಪಿಟ್ಟುಕೊಳ್ಳುವ ಕಷ್ಟ ಬೇಡ. ನೀರು ತುಂಬುವ ಹಬ್ಬಕ್ಕೆ ಹಂಡೆ ತಿಕ್ಕುತ್ತೀರಿ, ಯುಗಾದಿಗೆ ಸುಣ್ಣಬಣ್ಣ ಮಾಡುತ್ತೀರಿ. ಆ ಎರಡೂ ಹಬ್ಬದ ಹಿಂದಿನ ವಾರ ಪೈಪಿಗೆ ಮೀಸಲಿಡಿ. ನಡುವೆ ತಿಂಗಳಿಗೊಮ್ಮೆ ತಣ್ಣಗಿರುವ ಪೈಪನ್ನು ಬೆರಳ ಗೆಣ್ಣಿನಿಂದ ಬಡಿಯಿರಿ. ಖಾಲಿ ಡಬ್ಬದ ಸದ್ದು ಬಂದರೆ ಸರಿ. ಮಂಕಾದ ಸದ್ದು ಬಂದರೆ ಒಳಗೆ ಏನೋ ಕೂತಿದೆ. ಬಿಚ್ಚಿ, ಮೊಬೈಲ್ ಟಾರ್ಚ್ ಹಾಕಿ, ಮೊಳೆಯಿಂದ ಗೀರಿ ನೋಡಿ. ಪದರ 3 ಮಿಲಿಮೀಟರ್, ಅಂದರೆ ಸುಮಾರು ಒಂದು ರೂಪಾಯಿಯ ಎರಡು ನಾಣ್ಯ ಜೋಡಿಸಿದಷ್ಟು ದಪ್ಪವಿದ್ದರೆ ಹಬ್ಬಕ್ಕೆ ಕಾಯಬೇಡಿ.

ಈಗ ಕೆಲಸಕ್ಕೆ ಇಳಿಯೋಣ. ಹಿಂದಿನ ದಿನ ಬೆಳಗ್ಗೆಯೇ ಒಲೆ ಆರಿಸಿ. ಪೂರ್ತಿ ಒಂದು ದಿನ ಬಿಡಿ. ಸಿಪ್ಪೆಯ ಕೆಂಡ ಬೂದಿಯೊಳಗೆ ಬದುಕಿರುತ್ತದೆ, ಕೈಯಾಡಿಸಿ ನಂಬಬೇಡಿ. ಬೂದಿ ಎತ್ತಿ ಕಬ್ಬಿಣದ ಬಾಣಲೆಯಲ್ಲೇ ಇಡಿ, ಪ್ಲಾಸ್ಟಿಕ್ ಬಕೆಟ್ ಬೇಡ. ಹಳೇ ಬಟ್ಟೆ, ಮೂಗು ಬಾಯಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್. ಒಲೆಯ ಬಾಯಿಗೆ ಒದ್ದೆ ಗೋಣಿ ಮುಚ್ಚಿದರೆ ಮಸಿ ಮನೆಗೆ ಹಾರುವುದಿಲ್ಲ.

ಪೈಪು ಬಿಚ್ಚಲು ಬರುವಂತಿದ್ದರೆ ಬಿಚ್ಚುವುದೇ ಲೇಸು. ಮೊದಲು ಪ್ರತಿ ತುಂಡಿನ ಮೇಲೂ ಸೀಮೆಸುಣ್ಣದಲ್ಲಿ ಒಂದು, ಎರಡು ಎಂದು ಬರೆಯಿರಿ. ಜೋಡಿಸುವಾಗ ನನಗಾದ ಪೇಚಾಟ ನಿಮಗೆ ಬೇಡ. ಸ್ಕ್ರೂ ತೆಗೆದು, ಎಳೆಯದೆ ತಿರುಚುತ್ತ ಬಿಡಿಸಿ. ಅಂಗಳದಲ್ಲಿ ಗೋಣಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಮರದ ಕೊಡತಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿ. ಕಬ್ಬಿಣದ ಸುತ್ತಿಗೆಯಿಂದ ಹೊಡೆದರೆ ತಗಡು ನೆಗ್ಗುತ್ತದೆ, ನೆಗ್ಗಿದ ಕಡೆ ಮತ್ತೆ ಮಸಿ ಕೂರುತ್ತದೆ. ಆಮೇಲೆ ಪೈಪಿನ ಅಗಲದ್ದೇ ದುಂಡನೆಯ ಕಂಬಿ ಬ್ರಷ್ ಹಾಕಿ ಈ ಕಡೆಯಿಂದ ಆ ಕಡೆಗೆ ತಳ್ಳಿ, ಎಳೆಯಿರಿ.

ಬಿಚ್ಚಲಾಗದ ಪೈಪಿಗೆ ನಮ್ಮ ತೋಟದ್ದೇ ಉಪಾಯ. ಒಣಗಿದ ತೆಂಗಿನ ನಾರನ್ನು ಪೈಪಿಗಿಂತ ಕೂದಲೆಳೆ ದಪ್ಪ ಇರುವಂತೆ ಉಂಡೆ ಮಾಡಿ, ಕಂಬಿಯಿಂದ ಬಿಗಿಯಾಗಿ ಸುತ್ತಿ. ಎರಡೂ ಕಡೆ ಹಗ್ಗ ಕಟ್ಟಿ. ಒಂದು ಹಗ್ಗದ ತುದಿಗೆ ಸಣ್ಣ ಕಲ್ಲು ಬಿಗಿದು ಮೇಲಿನಿಂದ ಇಳಿಬಿಡಿ. ಮೇಲೆ ಒಬ್ಬರು, ಕೆಳಗೆ ಒಬ್ಬರು. ಬಾವಿಯ ಕೊಡ ಸೇದುವ ಹಾಗೆ ಮೇಲೆ ಕೆಳಗೆ ಎಳೆದಾಡಿದರೆ ಹತ್ತು ಹದಿನೈದು ಸಲಕ್ಕೆ ಪುಡಿ, ಚಕ್ಕೆ ಎಲ್ಲ ಇಳಿಯುತ್ತದೆ. ಕೊನೆಗೆ ಬಾಗು ಇರುವ ಜಾಗಕ್ಕೆ ಕೈ ಹಾಕಿ ಬಳಿಯಿರಿ. ಮೇಲಿನಿಂದ ಬಿದ್ದದ್ದೆಲ್ಲ ಆ ಬಾಗಿನಲ್ಲೇ ಕೂತಿರುತ್ತದೆ. ಇದೊಂದನ್ನು ಮರೆತರೆ ಮಾಡಿದ್ದೆಲ್ಲ ದಂಡ. ಅಸ್ತ್ರ ಒಲೆಯಾದರೆ ಕುಳಿಯಿಂದ ಕುಳಿಗೆ ಹೋಗುವ ಸುರಂಗವನ್ನೂ ವಾರಕ್ಕೊಮ್ಮೆ ಹಳೇ ಸೌಟಿನಿಂದ ಬಳಿಯಬೇಕು.

ಸೂರಿನ ಮೇಲೆ ಹತ್ತುವವರು ಹುಷಾರು. ಸಿಮೆಂಟ್ ಶೀಟಿನ ನಡುವೆ ಕಾಲಿಟ್ಟರೆ ಕಾಲು ಕೆಳಗಿನ ಕೋಣೆಗೇ. ಬೋಲ್ಟ್ ಸಾಲು ಇರುವ ಕಡೆ ಕೆಳಗೆ ತೊಲೆ ಇರುತ್ತದೆ. ಅದರ ಮೇಲೆ ಹಲಗೆ ಹಾಕಿಕೊಂಡು ಕೂರಿ. ಮಳೆ ಬಿದ್ದ ದಿನ ಹೆಂಚಿನ ಮೇಲೆ ಹೋಗಲೇಬೇಡಿ. ಕರೆಂಟ್ ತಂತಿ ಹತ್ತಿರವಿದ್ದರೆ ಕಬ್ಬಿಣದ ಗಳ ಎತ್ತಬೇಡಿ.

'ಉಪ್ಪು ಹಾಕಿ ಉರಿಸಿದರೆ ಪೈಪು ತಾನೇ ಶುದ್ಧವಾಗುತ್ತಂತಲ್ಲ?' ಕೇಳುವವರು ಬಹಳ ಮಂದಿ. ಬೇಡ. ಉಪ್ಪಿನ ಹೊಗೆ ತಗಡನ್ನು ತಿನ್ನುತ್ತದೆ. ಆಸಿಡ್, ಕಾಸ್ಟಿಕ್ ಸೋಡ ಕೂಡ ಬೇಡ. ನೀರು ಹಾಕಿ ತೊಳೆಯಬಹುದೇ? ಮಸಿಗೆ ನೀರು ಸೇರಿದರೆ ಹುಳಿ ನೀರಾಗುತ್ತದೆ. ಅದು ತಗಡಿಗೆ ಬಳಿದಿರುವ ಸತುವನ್ನು ತೆಗೆದು ತುಕ್ಕಿಗೆ ಬಾಗಿಲು ತೆರೆಯುತ್ತದೆ. ಒಣದಾಗಿಯೇ ಉಜ್ಜಿ. ಡಾಂಬರಿನಂತೆ ಗಟ್ಟಿಯಾದ ಪದರಕ್ಕೆ ತಲೆ ಕೆಡಿಸಿಕೊಳ್ಳದೆ ಆ ತುಂಡನ್ನೇ ಬದಲಿಸಿ. ತುಂಡಿನ ದುಡ್ಡಿಗಿಂತ ನಿಮ್ಮ ತೋಳಿನ ನೋವು ದುಬಾರಿ.

ಹಳೆಯ ಅಸ್ತ್ರ ಒಲೆಗಳಿಗೆ ಬೂದುಬಣ್ಣದ ಸಿಮೆಂಟ್ ಪೈಪು ಹಾಕಿರುವುದುಂಟು. ಅದು ಬಹುಪಾಲು ಆಸ್‌ಬೆಸ್ಟಾಸ್, ಅಂದರೆ ಕಲ್ನಾರು. ಅದನ್ನು ಒಣದಾಗಿ ಕೆರೆಯುವುದು, ಕೊಯ್ಯುವುದು, ಒಡೆಯುವುದು ಬೇಡ. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ಮೇಲೆ ಹೇಳಿದ ಒಣ ಉಜ್ಜಾಟವೆಲ್ಲ ಲೋಹದ ಪೈಪಿಗೆ ಮಾತ್ರ. ಸಿಮೆಂಟ್ ಪೈಪು ಕಟ್ಟಿದೆ ಎಂದರೆ ಒದ್ದೆ ಮಾಡಿ, ಒಡೆಯದೆ ಇಡಿಯಾಗಿ ಬಿಚ್ಚಿಸಿ, ಲೋಹದ್ದು ಹಾಕಿಸಿ.

ಮಸಿಯನ್ನು ಸದರ ಮಾಡಬೇಡಿ. ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ ಎಂಬಾತ 1775ರಲ್ಲೇ ಚಿಮಣಿ ಉಜ್ಜುವವರಿಗೆ ಬರುವ ಕ್ಯಾನ್ಸರಿಗೂ ಮಸಿಗೂ ನಂಟಿದೆ ಎಂದು ಬರೆದಿದ್ದ. ಒಂದು ಕೆಲಸದಿಂದ ಕ್ಯಾನ್ಸರ್ ಬರುತ್ತದೆ ಎಂದು ಗುರುತಿಸಿದ ಮೊದಮೊದಲ ಬರಹಗಳಲ್ಲಿ ಅದೂ ಒಂದು. ವರ್ಷಕ್ಕೆರಡು ಸಲ ಉಜ್ಜುವ ನಮಗೆ ಅಷ್ಟು ಹೆದರಿಕೆ ಬೇಡ. ಆದರೆ ಮಕ್ಕಳ ಕೈಲಿ ಈ ಕೆಲಸ ಮಾಡಿಸಬೇಡಿ. ಮುಗಿದ ಮೇಲೆ ಸೋಪು ಹಚ್ಚಿ ಸ್ನಾನ ಮಾಡಿಯೇ ಊಟಕ್ಕೆ ಕೂರಿ. ಒಲೆಯ ಬೂದಿಯನ್ನು ತೆಂಗಿನ ಪಾತಿಗೆ ಹಾಕಬಹುದು, ಪೈಪಿನ ಚಕ್ಕೆಯನ್ನು ಬೇಡ. ಅದನ್ನು ಗುಂಡಿ ತೋಡಿ ಮುಚ್ಚಿ.

ಮಸಿಗಿಂತ ಬೇಗ ಕೊಲ್ಲುವುದು ಕಾರ್ಬನ್ ಮಾನಾಕ್ಸೈಡ್. ಗಾಳಿ ಸಾಲದೆ ಉರಿದಾಗ ಹುಟ್ಟುವ ಅನಿಲ ಇದು. ಬಣ್ಣವಿಲ್ಲ, ವಾಸನೆಯಿಲ್ಲ. ಪೈಪು ಕಟ್ಟಿದ ಬಚ್ಚಲಲ್ಲಿ ಬಾಗಿಲು, ಕಿಟಕಿ ಹಾಕಿಕೊಂಡು ಸ್ನಾನ ಮಾಡುವಾಗ ತಲೆ ಭಾರ, ವಾಕರಿಕೆ ಬಂದರೆ ಬಿಸಿನೀರಿನ ಝಳ ಎಂದುಕೊಳ್ಳಬೇಡಿ. ತಕ್ಷಣ ಹೊರಗೆ ಬನ್ನಿ.

ತಿರುಗಿ ಜೋಡಿಸುವ ಮುಂಚೆ ಪ್ರತಿ ತುಂಡನ್ನೂ ಕತ್ತಲೆ ಕೋಣೆಗೆ ಒಯ್ದು ಒಳಗೆ ಟಾರ್ಚ್ ಹಾಕಿ. ತೂತಿದ್ದರೆ ನಕ್ಷತ್ರದ ಹಾಗೆ ಮಿನುಗುತ್ತದೆ. ನಮ್ಮದರಲ್ಲಿ ಆವತ್ತು ಹನ್ನೊಂದು ನಕ್ಷತ್ರ ಎಣಿಸಿದೆವು, ಎಲ್ಲವೂ ಹೊಲಿಗೆಯ ಪಕ್ಕದಲ್ಲೇ. ಒಂದೆರಡು ತೂತಾದರೆ ತೇಪೆ ಹಾಕಿಸಬಹುದು. ಬೆರಳಲ್ಲಿ ಒತ್ತಿದರೆ ತಗಡು ಬಗ್ಗುವಷ್ಟು ತೆಳ್ಳಗಾಗಿದ್ದರೆ ಗುಜರಿಗೆ.

ಜೋಡಿಸುವಾಗ ಹೆಚ್ಚಿನವರು ಮಾಡುವ ತಪ್ಪು ಒಂದಿದೆ. ಮೇಲಿನ ಪೈಪಿನ ಬಾಯಿ ಕೆಳಗಿನ ಪೈಪಿನ ಒಳಗೆ ಕೂರಬೇಕು. ಆಗ ಮೇಲಿನಿಂದ ಇಳಿಯುವ ಜಿಡ್ಡು ಪೈಪಿನೊಳಗೇ ಇಳಿದು ಒಲೆಗೆ ಬೀಳುತ್ತದೆ. ತಿರುಗಾಮುರುಗಾ ಆದರೆ ಕೂಡುವಲ್ಲೆಲ್ಲ ಜಿಡ್ಡು ಹೊರಗೆ ಸೋರಿ ಗೋಡೆಯ ಮೇಲೆ ಕಂದು ಗೆರೆ ಎಳೆಯುತ್ತದೆ. ನಿಮ್ಮ ಮನೆ ಗೋಡೆಯಲ್ಲಿ ಆ ಗೆರೆ ಇದೆಯೇ, ನೋಡಿ. 'ಹಾಗೆ ಜೋಡಿಸಿದರೆ ಸೂರಿನ ಮೇಲಿನ ಕೂಡಿಕೆಯೊಳಗೆ ಮಳೆನೀರು ಇಳಿಯುವುದಿಲ್ಲವೇ?' ಇಳಿಯುತ್ತದೆ. ಸೂರಿನ ಮೇಲಿನ ಕೂಡಿಕೆಗೆ ಹೊರಗಿನಿಂದ ತಗಡಿನ ಪಟ್ಟಿ ಸುತ್ತಿಸಿ. ಪ್ರತಿ ಕೂಡಿಕೆಗೂ ಮೂರು ಸ್ಕ್ರೂ ಇರಲಿ. ಅಡ್ಡ ಹೋಗುವ ತುಂಡು ಮಟ್ಟಸ ಬೇಡ, ಅಡಿಗೆ ಕಾಲು ಅಂಗುಲ ಮೇಲಕ್ಕೆ ಏರುತ್ತ ಹೋಗಲಿ. ಎರಡಕ್ಕಿಂತ ಹೆಚ್ಚು ಬಾಗು ಬೇಡ. ಬಾಗಿನ ಜಾಗದಲ್ಲಿ ಮುಚ್ಚಳವಿರುವ 'ಟೀ' ತುಂಡು ಹಾಕಿಸಿದರೆ ಮುಂದಿನ ಸಲ ಸೂರು ಹತ್ತದೆಯೇ ಅರ್ಧ ಕೆಲಸ ಮುಗಿಯುತ್ತದೆ.

ಪೈಪು ಸೂರನ್ನು ದಾಟುವ ಕಡೆ ಮೂರಡಿ ಎತ್ತರ ಇರಬೇಕು. ಸುತ್ತ ಹತ್ತಡಿ ದೂರದೊಳಗೆ ಅದಕ್ಕಿಂತ ಎತ್ತರದ ಗೋಡೆಯೋ ಟ್ಯಾಂಕೋ ಇದ್ದರೆ ಅದರ ನೆತ್ತಿಗಿಂತಲೂ ಎರಡಡಿ ಮೇಲೆ. ಇಲ್ಲವಾದರೆ ಗಾಳಿ ತಿರುಗಿದಾಗ ಹೊಗೆ ವಾಪಸು. ತೊಲೆ, ರೀಪು, ಸೋಗೆಯಿಂದ ಒಂದೂವರೆ ಅಡಿ ದೂರ ಬೇಕು. ನಮ್ಮ ಮನೆಗಳಲ್ಲಿ ಇದು ಸಿಗುವುದೇ ಕಷ್ಟ. ಅಂಥ ಕಡೆ ಪೈಪನ್ನು ಗೋಡೆಯ ಮೂಲಕ ಹೊರಗೆ ತಂದು ಮೇಲೇರಿಸುವುದೇ ಕ್ಷೇಮ. ತುದಿಗೆ ಟೋಪಿ, ಟೋಪಿಯಡಿ ಅರ್ಧ ಅಂಗುಲ ಕಿಂಡಿಯ ಜಾಲರಿ. ಸೊಳ್ಳೆಪರದೆಯಂಥ ಸಣ್ಣ ಜಾಲರಿ ಹಾಕಿದರೆ ತಿಂಗಳಲ್ಲೇ ಮಸಿ ಮೆತ್ತಿ ಮುಚ್ಚಿಹೋಗುತ್ತದೆ. ತುದಿಗೆ ಪಿವಿಸಿ ಪೈಪು ಸಿಕ್ಕಿಸಿರುವುದನ್ನೂ ಕಂಡಿದ್ದೇನೆ. ನೀರಿನ ಪೈಪು ಹೊಗೆಗಲ್ಲ. ಬಿಸಿಗೆ ಅದು ಮೆತ್ತಗಾಗಿ ಜೋತುಬೀಳುತ್ತದೆ, ಉರಿದರೆ ವಿಷದ ಹೊಗೆ.

ಒಂದು ವೇಳೆ ಪೈಪೇ ಹೊತ್ತಿಕೊಂಡರೆ ಬಿರುಗಾಳಿಯಂಥ ಭೋರ್ ಸದ್ದು ಬರುತ್ತದೆ, ಪೈಪು ಕೆಂಪಗಾಗಬಹುದು, ತುದಿಯಲ್ಲಿ ಕಿಡಿ. ಒಳಗಿನ ಬಿಸಿ 1000 ಡಿಗ್ರಿ ಮುಟ್ಟಬಲ್ಲದು. ಪೈಪಿಗೆ ನೀರು ಎರಚಬೇಡಿ, ಹಬೆ ಒಮ್ಮೆಲೇ ಉಬ್ಬಿ ತಗಡು ಸೀಳುತ್ತದೆ. ಒಲೆಯ ಬಾಯಿಗೆ ಒದ್ದೆ ಗೋಣಿ ಒತ್ತಿ ಗಾಳಿ ಕಟ್ಟಿ. ಮನೆಯವರನ್ನೆಲ್ಲ ಹೊರಗೆ ಕಳಿಸಿ. 112ಕ್ಕೋ 101ಕ್ಕೋ ಫೋನ್ ಮಾಡಿ. ನೀರನ್ನು ಪಕ್ಕದ ಸೋಗೆ, ಸೌದೆ ರಾಶಿಯ ಮೇಲೆ ಹಾಕಿ.

ಇನ್ನು ಖರ್ಚು. ಉಜ್ಜುವುದಕ್ಕೆ ಖರ್ಚೇ ಇಲ್ಲ ಎನ್ನಬಹುದು: ನಾರು, ಹಗ್ಗ, ಕಂಬಿ ಮನೆಯಲ್ಲೇ ಇವೆ. ದುಂಡು ಬ್ರಷ್ ಒಂದು ಸಲ ಕೊಂಡರೆ ವರ್ಷಗಟ್ಟಲೆ ಬರುತ್ತದೆ. ಹೊಸ ಪೈಪಿನ ಬೆಲೆ ತಗಡಿನ ತೂಕದ ಮೇಲೆ. ಜಿಐ ಶೀಟು, ಅಂದರೆ ಸತು ಬಳಿದ ಕಬ್ಬಿಣದ ತಗಡನ್ನು ಗೇಜಿನಲ್ಲಿ ಅಳೆಯುತ್ತಾರೆ. ಗೇಜು ಕಡಿಮೆಯಾದಷ್ಟೂ ತಗಡು ದಪ್ಪ. 28 ಗೇಜು ಬಲು ತೆಳು, 24 ಗೇಜು ಕೇಳಿ. ನಾಲ್ಕಂಗುಲ ಅಗಲ, ಮೂರಡಿ ಉದ್ದದ 24 ಗೇಜಿನ ಒಂದು ತುಂಡು ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಲೆಕ್ಕಕ್ಕೆ ಕಿಲೋಗೆ ನೂರು ರೂಪಾಯಿ ಎಂದಿಟ್ಟುಕೊಂಡರೆ ತಗಡಿಗೆ ನೂರೈವತ್ತು, ಮೇಲೆ ಕೂಲಿ. ಆವತ್ತಿನ ದರ ಕೇಳಿಕೊಂಡು ನೀವೇ ಗುಣಿಸಿ, ಆಮೇಲೆ ಚೌಕಾಸಿ ಮಾಡಿ. ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿದರೆ ಖರ್ಚು ಜಾಸ್ತಿ, ಆದರೆ ಹುಳಿ ಜಿಡ್ಡಿಗೆ ಅದು ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಬಾಯ್ಲರಿಗೆ ಅದೇ ಒಳ್ಳೆಯದು. ಹೊಸ ಜಿಐ ಪೈಪಿಗೆ ಮೊದಲ ಉರಿಯನ್ನು ಬಾಗಿಲು ಕಿಟಕಿ ತೆರೆದಿಟ್ಟು ಕೊಡಿ, ಹೊಸ ತಗಡಿನ ವಾಸನೆ ಹೋಗಲಿ.

ತುಮಕೂರಿನವರಿಗೆ ಮಂಡಿಪೇಟೆ ಸುತ್ತಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬ್ರಷ್, ಸ್ಕ್ರೂ, ಜಾಲರಿ ಸಿಗುತ್ತವೆ. ಗುಬ್ಬಿ, ಕುಣಿಗಲ್ ಪೇಟೆಯಲ್ಲಿ ತಗಡಿನ ಪೆಟ್ಟಿಗೆ, ಡಬ್ಬ, ನೀರಿನ ದೋಣಿ ಮಾಡುವವರನ್ನು ಕೇಳಿದರೆ ಪೈಪೂ ಸುತ್ತಿಕೊಡುತ್ತಾರೆ. ಹೋಗುವಾಗ ಹಳೆಯ ಪೈಪಿನ ಒಂದು ತುಂಡು ಚೀಲದಲ್ಲಿ ಒಯ್ಯಿರಿ. ನಾನು ಬರೀ ಅಳತೆ ಚೀಟಿ ಹಿಡಿದು ಹೋಗಿದ್ದೆ. ತಗಡು ಕೊಯ್ಯುತ್ತಿದ್ದವರು ಕತ್ತರಿ ನಿಲ್ಲಿಸಿ, 'ನಾಲ್ಕಿಂಚು ಅಂದ್ರೆ ಒಳಗಾ, ಹೊರಗಾ ಸ್ವಾಮಿ?' ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಹದಿನೆಂಟು ಕಿಲೋಮೀಟರ್ ವಾಪಸು ಬಂದು ತುಂಡು ತಗೊಂಡು ಹೋದೆ. ಅಷ್ಟರಲ್ಲಿ ಅವರು ಊಟಕ್ಕೆ ಹೋಗಿದ್ದರು.